ದಾರಿ ನಡುವೆ ಇಳಿಯೋಣ ಬನ್ನಿ

ಕಾರಿಲ್ಲದವರು ಊರು ನೋಡಬಾರದೆ? ನಮ್ಮ ಮನೆಯಲ್ಲಿ ಮೂರು ವರ್ಷ ಇದೇ ಮಾತು. "ಕಾರು ತಗೊಂಡ ಮೇಲೆ ಎಲ್ಲ ತೋರಿಸ್ತೀನಿ, ಇರಪ್ಪ" ಎಂದು ಮಗ ಹೇಳುತ್ತಲೇ ಇದ್ದ. ನಮ್ಮ ವಯಸ್ಸಿನವರಿಗೆ 'ಮುಂದಿನ ವರ್ಷ' ಎಂಬುದು ಅಷ್ಟು ನೆಚ್ಚಿಕೊಳ್ಳುವ ಮಾತಲ್ಲ. ನನ್ನ ಹೆಂಡತಿಗೆ ಮಂಡಿನೋವು ಬೇರೆ. ಜಕಣಾಚಾರಿಯ ಕಥೆಯನ್ನು ಮೊಮ್ಮಕ್ಕಳಿಗೆ ನೂರು ಸಲ ಹೇಳಿದ್ದಾಳೆ. ಕೈದಾಳವನ್ನು ಮಾತ್ರ ಒಮ್ಮೆಯೂ ನೋಡಿರಲಿಲ್ಲ. ನಾವಿರುವುದು ಬೆಳ್ಳಾವಿಯಲ್ಲಿ. ತುಮಕೂರಿಗೆ ಹೋಗಿ ಬಸ್ಸು ಬದಲಿಸಿದರೆ ಕೈದಾಳದ ದಾರಿ!

ಕಳೆದ ಬೇಸಿಗೆ ರಜೆಯಲ್ಲಿ ಹುಬ್ಬಳ್ಳಿಯ ಮಗಳು ಇಬ್ಬರು ಮಕ್ಕಳೊಂದಿಗೆ ಬೆಂಗಳೂರಿನ ಮದುವೆಗೆ ಹೊರಟಳು. "ನಡುವೆ ತುಮಕೂರಲ್ಲಿ ಇಳಿದುಬಿಡಿ, ಎರಡು ದಿನ ಸುತ್ತೋಣ" ಎಂದೆ. ಹಾಗೆ ಶುರುವಾಯಿತು ನಮ್ಮ ಯೋಜನೆ.

ಟಿಕೆಟ್ಟಿನ ಲೆಕ್ಕ

ದೂರದ ರೈಲು ಟಿಕೆಟ್ಟಿನಲ್ಲಿ ನಡುವೆ ಇಳಿದು, ಅದೇ ಟಿಕೆಟ್ಟಿನಲ್ಲಿ ಮುಂದೆ ಹೋಗಲು ಅವಕಾಶವಿದೆ. ಆದರೆ ಟಿಕೆಟ್ 500 ಕಿ.ಮೀ.ಗಿಂತ ಹೆಚ್ಚಿನದಾಗಿರಬೇಕು, ಮೊದಲ 500 ಕಿ.ಮೀ. ಕಳೆದ ಮೇಲೆಯೇ ಇಳಿಯಬೇಕು. ಇಳಿದಲ್ಲಿ ಟಿಕೆಟ್ಟಿನ ಮೇಲೆ ಷರಾ ಬರೆಸಿಕೊಳ್ಳಬೇಕು. ಹುಬ್ಬಳ್ಳಿಯಿಂದ ಬೆಂಗಳೂರಿಗೆ ಸುಮಾರು 470 ಕಿ.ಮೀ. ಮಾತ್ರ. ಹಾಗಾಗಿ ಮಗಳಿಗೆ ಈ ಅನುಕೂಲ ಸಿಗಲಿಲ್ಲ. ಬೆಳಗಾವಿಯಿಂದ ಹೊರಟವರಿಗೆ ತುಮಕೂರು ತಲುಪುವ ಹೊತ್ತಿಗೆ 500 ದಾಟಿರುತ್ತದೆ!

ನಾವು ಸುಲಭದ ದಾರಿ ಹಿಡಿದೆವು. ಹುಬ್ಬಳ್ಳಿಯಿಂದ ತುಮಕೂರಿಗೆ ಒಂದು ಟಿಕೆಟ್, ಮುಂದಿನದಕ್ಕೆ ಬೇರೆ ಟಿಕೆಟ್. ಕಾಯ್ದಿರಿಸದ ಟಿಕೆಟ್ಟಿನಲ್ಲಿ 5 ತುಂಬಿ 12 ತುಂಬದ ಮಕ್ಕಳಿಗೆ ಅರ್ಧ ದರ. ಹಿರಿಯ ನಾಗರಿಕರಿಗಿದ್ದ ರೈಲು ರಿಯಾಯಿತಿ 2020ರ ಮಾರ್ಚ್‌ನಲ್ಲಿ ನಿಂತಿತು, ಅದನ್ನು ಲೆಕ್ಕಕ್ಕೆ ಹಿಡಿಯಬೇಡಿ. ಬಸ್ಸಿನಲ್ಲಿ ನಮಗೆ ಲಾಭ. ಸಾರಿಗೆ ಸಂಸ್ಥೆಯ ಸಾಮಾನ್ಯ ಬಸ್ಸುಗಳಲ್ಲಿ 2023ರ ಜೂನ್ 11ರಿಂದ ಹೆಣ್ಣುಮಕ್ಕಳಿಗೆ ಉಚಿತ. 60 ದಾಟಿದ ನನ್ನಂಥವರಿಗೆ ಶೇ 25 ರಿಯಾಯಿತಿ. ಗುರುತಿನ ಚೀಟಿ ಜೇಬಿನಲ್ಲಿರಲಿ.

ದೊಡ್ಡ ಸೂಟ್‌ಕೇಸನ್ನು ಅಳಿಯಂದಿರು ಮೊದಲೇ ಬೆಂಗಳೂರಿಗೆ ಒಯ್ದಿದ್ದರು. ಉಳಿದದ್ದು ತಲೆಗೊಂದು ಕೈಚೀಲ. ಕಾರಿಲ್ಲದ ಪ್ರವಾಸಕ್ಕೆ ಇದು ಮೊದಲ ನಿಯಮ. ಹೊತ್ತು ನಡೆಯಲು ಆಗುವಷ್ಟೇ ಸಾಮಾನು.

ಮೊದಲ ದಿನ: ಗುಬ್ಬಿ

ಮೊಮ್ಮಗನಿಗೆ 'ಟೈಮ್‌ಕೀಪರ್' ಕೆಲಸ ಕೊಟ್ಟೆ. ರೈಲ್ವೆ ವೇಳಾಪಟ್ಟಿಯಲ್ಲಿ 16.20 ಎಂದರೆ ಸಂಜೆ 4.20 ಎಂದು ಅವನೇ ನನಗೆ ತಿದ್ದಿ ಹೇಳುವಷ್ಟು ಪಳಗಿದ. ಮೊಮ್ಮಗಳಿಗೆ ಇನ್ನೊಂದು ಕೆಲಸ. ಪ್ರತಿ ನಿಲ್ದಾಣದ ಹಳದಿ ಹಲಗೆಯಲ್ಲಿ, ಆ ಜಾಗ ಸಮುದ್ರ ಮಟ್ಟದಿಂದ ಎಷ್ಟು ಎತ್ತರದಲ್ಲಿದೆ ಎಂದು ಬರೆದಿರುತ್ತದೆ. ಅದನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡು ಗ್ರಾಫ್ ಹಾಕುವುದು. ಮಕ್ಕಳೇ, ನೀವೂ ಮಾಡಿ ನೋಡಿ. ರೈಲು ಏರುತ್ತಿದೆಯೋ ಇಳಿಯುತ್ತಿದೆಯೋ ಕಾಗದದ ಮೇಲೆ ಕಾಣುತ್ತದೆ.

ತುಮಕೂರಿನಿಂದ ಮಲ್ಲಸಂದ್ರ ದಾಟಿದರೆ ಗುಬ್ಬಿ. ಅನೇಕ ಎಕ್ಸ್‌ಪ್ರೆಸ್ ರೈಲುಗಳು ಇಲ್ಲಿ ನಿಲ್ಲುವುದಿಲ್ಲ. ನಿಲ್ಲುವ ರೈಲು ನಿಲ್ಲುವುದೂ ಒಂದೆರಡು ನಿಮಿಷ. ಮಂಡಿನೋವಿನವರು ಹಿಂದಿನ ನಿಲ್ದಾಣ ಬಿಟ್ಟಕೂಡಲೇ ಎದ್ದು ಬಾಗಿಲ ಹತ್ತಿರದ ಸೀಟಿಗೆ ಬರಬೇಕು. ಬರುವಾಗ ರೈಲಿಗೆ ಕಾಯಲಿಲ್ಲ, ಬಿ.ಎಚ್. ರಸ್ತೆಯಲ್ಲಿ ಬಸ್ಸಿಗೇನು ಬರವಿಲ್ಲ.

ಗುಬ್ಬಿಯ ಚನ್ನಬಸವೇಶ್ವರ ದೇವಸ್ಥಾನದಲ್ಲಿ ಊರಿನ ಹೆಸರಿನ ಕಥೆ ಕೇಳಿದೆವು. ಪುರಾಣ ನಡೆಯುವಾಗ ಜೋಡಿ ಗುಬ್ಬಿಗಳು ದಿನವೂ ಬಂದು ಕೂತು ಕೇಳುತ್ತಿದ್ದವಂತೆ. ಪುರಾಣ ಮುಗಿದ ದಿನ ಅಲ್ಲೇ ಪ್ರಾಣ ಬಿಟ್ಟವಂತೆ. ಅದಕ್ಕೇ ಊರಿಗೆ ಗುಬ್ಬಿ ಎಂಬ ಹೆಸರು ಬಂತು ಎನ್ನುತ್ತಾರೆ.

ಈ ಪುಟ್ಟ ಊರಿನಲ್ಲೇ 1884ರಲ್ಲಿ ಗುಬ್ಬಿ ನಾಟಕ ಕಂಪನಿ ಹುಟ್ಟಿತು. ಬೆಂಗಳೂರಿನಿಂದ ಈ ಕಡೆಗೆ ರೈಲುಹಳಿ ಬಂದದ್ದೂ ಅದೇ ದಶಕದಲ್ಲಿ. ಎಳೆಯ ಹುಡುಗನಾಗಿ ಕಂಪನಿ ಸೇರಿದ ವೀರಣ್ಣನವರು ಮುಂದೆ ಅದರ ಒಡೆಯರಾದರು. 'ಕುರುಕ್ಷೇತ್ರ' ನಾಟಕಕ್ಕೆ ನಿಜವಾದ ಆನೆ, ಕುದುರೆಗಳನ್ನೇ ರಂಗಕ್ಕೆ ತಂದರು. ರಾಜ್‌ಕುಮಾರ್, ನರಸಿಂಹರಾಜು, ಬಾಲಕೃಷ್ಣ ಪಳಗಿದ್ದು ಈ ಕಂಪನಿಯಲ್ಲೇ. ನಮ್ಮ ಬೆಳ್ಳಾವಿಯ ಹೆಸರು ಹೊತ್ತ ಬೆಳ್ಳಾವೆ ನರಹರಿ ಶಾಸ್ತ್ರಿಗಳು ಗುಬ್ಬಿ ಕಂಪನಿಗೆ ನಾಟಕ ಬರೆದುಕೊಟ್ಟವರು. ಕನ್ನಡದ ಮೊದಲ ಟಾಕಿ 'ಸತಿ ಸುಲೋಚನ'ಕ್ಕೆ (1934) ಮಾತು, ಹಾಡು ಬರೆದವರೂ ಅವರೇ. 1918ರಲ್ಲಿ ಕನ್ನಡದಲ್ಲಿ 'ವಿಜ್ಞಾನ' ಎಂಬ ಮಾಸಪತ್ರಿಕೆ ತಂದವರಲ್ಲಿ ಒಬ್ಬರು ಬೆಳ್ಳಾವೆ ವೆಂಕಟನಾರಣಪ್ಪ. "ಅಜ್ಜಾ, ನಿಮ್ಮೂರು ಸಣ್ಣದಲ್ಲ ಬಿಡ್ರಿ" ಎಂದಳು ಮೊಮ್ಮಗಳು.

ಎರಡನೆಯ ದಿನ: ಕೈದಾಳ, ಕುಣಿಗಲ್

ಕುಣಿಗಲ್ ಇರುವುದು ಬೇರೆ ರೈಲು ಮಾರ್ಗದಲ್ಲಿ. 2017ರಲ್ಲಿ ಬೆಂಗಳೂರು–ಹಾಸನ ಹೊಸ ಮಾರ್ಗ ಪೂರ್ತಿಯಾದಾಗ ಅಲ್ಲಿಗೆ ರೈಲು ಬಂತು. ಇದೇ ನಮ್ಮ ಯೋಜನೆಯ ಗುಟ್ಟು: ಒಂದು ಹಳಿಯಲ್ಲಿ ಬಂದು, ನಡುವೆ ಬಸ್ಸು ಹಿಡಿದು, ಇನ್ನೊಂದು ಹಳಿಯಲ್ಲಿ ಬೆಂಗಳೂರು ಸೇರುವುದು. ಬಂದ ದಾರಿಯಲ್ಲೇ ಹಿಂದಿರುಗುವ ಕೆಲಸವಿಲ್ಲ.

ತುಮಕೂರಿನಿಂದ ಕುಣಿಗಲ್ ರಸ್ತೆಯಲ್ಲಿ ಗೂಳೂರು ಸಿಗುತ್ತದೆ. ದೊಡ್ಡ ಮಣ್ಣಿನ ಗಣಪತಿಗೆ ಹೆಸರಾದ ಊರು. ಅಲ್ಲಿಂದ ಕೈದಾಳಕ್ಕೆ ಆಟೊ ಮಾಡಿಕೊಂಡೆವು. ಮಧ್ಯಾಹ್ನ ಗುಡಿಯ ಬಾಗಿಲು ಹಾಕುವುದರಿಂದ ಬೆಳಿಗ್ಗೆಯೇ ಹೊರಟಿದ್ದೆವು.

ಕಥೆ ಗೊತ್ತಲ್ಲ? ಕಲ್ಲಿನೊಳಗೆ ಕಪ್ಪೆ ಇದೆ ಎಂದ ಹುಡುಗ ಡಂಕಣ, ತಪ್ಪಿದ್ದರೆ ಬಲಗೈ ಕತ್ತರಿಸಿಕೊಳ್ಳುತ್ತೇನೆಂದ ಜಕಣಾಚಾರಿ. ಕಪ್ಪೆ ಹಾರಿತು, ಕೈ ಹೋಯಿತು, ಹುಡುಗ ತನ್ನ ಮಗನೇ ಎಂದು ಆಮೇಲೆ ತಿಳಿಯಿತು. ಹುಟ್ಟೂರಿನಲ್ಲಿ ಚನ್ನಕೇಶವನ ಗುಡಿ ಕಟ್ಟಿದಾಗ ಕೈ ಮರಳಿ ಬಂತಂತೆ. ಹೆಂಡತಿ ಕಥೆಯನ್ನು ಗುಡಿಯ ಜಗಲಿಯಲ್ಲೇ ಕೂತು ಮತ್ತೆ ಹೇಳಿದಳು. ಮೊಮ್ಮಗ ಕೇಳಿದ, "ಇದು ಖರೇನೇ ನಡೆದದ್ದಾ, ಅಜ್ಜಿ?" ಅವಳೆಂದಳು, "ಕೈ ಬಂದಿದ್ದು ಕಥೆನೋ ಏನೋ ಕಂದ. ಈ ಕಲ್ಲು ಕೆತ್ತಿದ ಕೈ ಮಾತ್ರ ನಿಜ." ಗುಡಿ 12ನೆಯ ಶತಮಾನದ್ದು, ಹೊಯ್ಸಳರ ಕಾಲದ್ದು. ಅವಳು ಏಳುವ ಮನಸ್ಸೇ ಮಾಡಲಿಲ್ಲ. ಕೊನೆಗೆ ಟೈಮ್‌ಕೀಪರ್ ಎಬ್ಬಿಸಬೇಕಾಯಿತು.

ಕುಣಿಗಲ್‌ನಲ್ಲಿ ನೇರ ಕೆರೆ ಏರಿಗೆ ಹೋದೆವು. ಈ ಕೆರೆಯ ಮೇಲಿನ ಜನಪದ ಹಾಡು ಮಕ್ಕಳಿಗೆ ಶಾಲೆಯಲ್ಲೇ ಬಂದಿತ್ತು. ಹಾಡು ಗೊತ್ತಿತ್ತು, ಕೆರೆ ಗೊತ್ತಿರಲಿಲ್ಲ! ಟಿಪ್ಪುವಿನ ಕಾಲದ ನಂಟಿರುವ ಕುದುರೆ ಫಾರಂ ಈ ಊರಿನ ಇನ್ನೊಂದು ಹೆಸರು. ಇನ್ನೊಂದು ದಿನ ಇದ್ದಿದ್ದರೆ, ಇದೇ ಹಳಿಯ ಎಡೆಯೂರಿಗೆ ಹೋಗಿ ಸಿದ್ಧಲಿಂಗೇಶ್ವರನ ದರ್ಶನ ಮಾಡಬಹುದಿತ್ತು.

ತುಮಕೂರು ಮಾರ್ಗದಷ್ಟು ರೈಲು ಇಲ್ಲಿಲ್ಲ. ಆದ್ದರಿಂದ ಯೋಜನೆಯನ್ನು ಕೊನೆಯಿಂದ ಶುರುಮಾಡಿ. ಮೊದಲು ಹಿಂದಿರುಗುವ ರೈಲಿನ ಹೊತ್ತು ಬರೆದುಕೊಳ್ಳಿ, ಅಲ್ಲಿಂದ ಹಿಂದಕ್ಕೆ ಎಣಿಸುತ್ತ ಬನ್ನಿ. ಹೊರಡುವ ದಿನ ಬೆಳಿಗ್ಗೆ 139ಕ್ಕೆ ಫೋನ್ ಮಾಡಿ ವೇಳೆ ಖಚಿತಪಡಿಸಿಕೊಳ್ಳಿ. ರೈಲು ತಪ್ಪಿದರೆ ಹಿಡಿಯಬೇಕಾದ ಬಸ್ಸು ಯಾವುದೆಂದೂ ಬರೆದಿಡಿ. ದಿನಕ್ಕೆ ಎರಡು ಜಾಗ ಸಾಕು. ಮಂಡಿಗೂ ಮಕ್ಕಳಿಗೂ ಅದೇ ಹಿತ.

ಮಗ ಇನ್ನೂ ಕಾರು ಕೊಂಡಿಲ್ಲ. ದಸರಾ ರಜೆಗೆ ಅರಳಗುಪ್ಪೆಯಲ್ಲಿ ಇಳಿದು ಅಲ್ಲಿನ ಗುಡಿ ನೋಡುವುದೆಂದು ಮೊಮ್ಮಕ್ಕಳು ಆಗಲೇ ವೇಳಾಪಟ್ಟಿ ಹಿಡಿದು ಕೂತಿದ್ದಾರೆ.