ಸಿಡಿಲು ಬಡಿದಂಥ ತಲೆನೋವೇ? ಮಲಗಬೇಡಿ!

ಕಲಬುರಗಿ ಬಿಸಿಲಿನ ಬಗ್ಗೆ ನಿಮಗೆ ಹೇಳಬೇಕೇ? ಮೇ ಬಂತೆಂದರೆ 42 ಡಿಗ್ರಿ ದಾಟುವುದು ಮಾಮೂಲು. ರೊಟ್ಟಿ ಬಡಿದು ಎದ್ದಾಗ ತಲೆ ಸಿಡಿದರೆ, 'ಬಿಸಿಲಿಗಿ ಬಂದದ ಬಿಡ್ರಿ' ಅಂತ ಮಾತ್ರೆ ನುಂಗಿ ಮಲಗುತ್ತೇವೆ. ಎಷ್ಟೋ ಸಲ ಅದು ನಿಜವೂ ಹೌದು. ಆದರೆ ಒಂದು ಬಗೆಯ ತಲೆನೋವಿಗೆ ಈ ಮನೆಮದ್ದು ಖಂಡಿತ ಸಲ್ಲದು.

ಇದ್ದಕ್ಕಿದ್ದಂತೆ ಬಂದು, ನಿಮಿಷದೊಳಗೆ ತಾರಕಕ್ಕೇರಿ, 'ಹುಟ್ಟಿದಾಗಿನಿಂದ ಇಂಥ ನೋವು ಕಂಡಿಲ್ಲ' ಅನಿಸುವ ನೋವದು. ಜೊತೆಗೆ ವಾಂತಿ, ಕುತ್ತಿಗೆ ಸೆಡೆತ, ಎಚ್ಚರ ತಪ್ಪುವುದೂ ಉಂಟು. ಮಿದುಳಿನ ಬುಡದ ರಕ್ತನಾಳದಲ್ಲಿ ಉಬ್ಬಿದ ಗುಳ್ಳೆ ಒಡೆದಿರಬಹುದು. ಸೈಕಲ್ ಟ್ಯೂಬು ಸವೆದ ಜಾಗದಲ್ಲಿ ಉಬ್ಬುತ್ತದಲ್ಲ, ಹಾಗೆ. ಇದಕ್ಕೆ ಅನ್ಯೂರಿಸಂ ಎನ್ನುತ್ತಾರೆ. ನೂರು ವಯಸ್ಕರಲ್ಲಿ ಸುಮಾರು ಮೂವರಿಗೆ ಇಂಥ ಗುಳ್ಳೆ ಇರುತ್ತದೆ, ಹೆಚ್ಚಿನವು ಒಡೆಯುವುದಿಲ್ಲ. 50 ದಾಟಿದ ಹೆಂಗಸರಲ್ಲಿ ಇದು ಹೆಚ್ಚು.

ಬುರುಡೆ ತೆರೆಯಲೇಬೇಕಾ?

ಹಿಂದೆ ಬುರುಡೆ ತೆರೆದು ಗುಳ್ಳೆಯ ಕತ್ತಿಗೆ ಕ್ಲಿಪ್ ಹಾಕುವುದೊಂದೇ ಮುಖ್ಯ ದಾರಿಯಾಗಿತ್ತು. 1990ರಲ್ಲಿ ಇಟಲಿ ಮೂಲದ ವೈದ್ಯ ಗೈಡೋ ಗುಗ್ಲಿಯೆಲ್ಮಿ ಅಮೆರಿಕದಲ್ಲಿ ಹೊಸ ದಾರಿ ತೋರಿದರು. ತೊಡೆಸಂದಿಯ ರಕ್ತನಾಳದಿಂದ ತೆಳು ಕೊಳವೆ ತೂರಿಸಿ, ಎಕ್ಸ್‌ರೇ ಪರದೆ ನೋಡುತ್ತಾ ಮಿದುಳಿನವರೆಗೆ ಒಯ್ಯುತ್ತಾರೆ. ಗುಳ್ಳೆಯೊಳಗೆ ಪ್ಲಾಟಿನಂ ಎಳೆಗಳನ್ನು ಸುರುಳಿ ಸುತ್ತಿ ತುಂಬುತ್ತಾರೆ. ಅಲ್ಲಿ ರಕ್ತ ಹೆಪ್ಪುಗಟ್ಟಿ ಗುಳ್ಳೆ ಮುಚ್ಚುತ್ತದೆ. ಇದೇ 'ಕಾಯ್ಲಿಂಗ್'. 2002ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನವೊಂದರಲ್ಲಿ, ಎರಡೂ ಚಿಕಿತ್ಸೆಗೆ ಒಗ್ಗುವ ರೋಗಿಗಳ ಪೈಕಿ ವರ್ಷದ ನಂತರ ಸತ್ತವರು ಅಥವಾ ಪರಾವಲಂಬಿಗಳಾದವರು ಕ್ಲಿಪ್ ಹಾಕಿಸಿಕೊಂಡವರಲ್ಲಿ ನೂರಕ್ಕೆ ಸುಮಾರು 31, ಕಾಯ್ಲಿಂಗ್ ಆದವರಲ್ಲಿ 24. ಹಾಗಂತ ಎಲ್ಲ ಗುಳ್ಳೆಗೂ ಇದು ಹೊಂದದು. ಕೆಲವಕ್ಕೆ ಕ್ಲಿಪ್ಪೇ ಸರಿ. ಕಾಯ್ಲಿಂಗ್ ಆದವರು ಮರುತಪಾಸಣೆ ತಪ್ಪಿಸುವಂತಿಲ್ಲ.

ನೀವು ಮಾಡಬೇಕಾದ್ದು

* 108ಕ್ಕೆ ಕರೆ ಮಾಡಿ. ಕಮಲಾಪುರದ ಕಡೆಯವರಾದರೆ, ಸಿ.ಟಿ. ಸ್ಕ್ಯಾನ್ ಇರುವ ಕಲಬುರಗಿಯ ಆಸ್ಪತ್ರೆಗೆ ಮೊದಲು ತಲುಪಿ. ಸ್ಕ್ಯಾನ್ ಆದ ಮೇಲೆ ಹೈದರಾಬಾದೋ, ಬೆಂಗಳೂರಿನ ನಿಮ್ಹಾನ್ಸೋ ಎಂದು ವೈದ್ಯರೇ ಹೇಳಲಿ.
* ಸ್ಕ್ಯಾನಿಗೆ ಮುಂಚೆ ಆಸ್ಪಿರಿನ್ ಬೇಡವೇ ಬೇಡ, ರಕ್ತಸ್ರಾವ ಹೆಚ್ಚೀತು.
* ನೋವು ಇಳಿಯಿತೆಂದು ಸುಮ್ಮನಾಗಬೇಡಿ. ಮೊದಲ 24 ಗಂಟೆಯಲ್ಲೇ ಮತ್ತೆ ಒಡೆಯುವ ಭಯ ಜಾಸ್ತಿ.
* ಬಿ.ಪಿ. ಮಾತ್ರೆ ನೀವಾಗಿ ನಿಲ್ಲಿಸಬೇಡಿ. ತಂಬಾಕು ಸೇದುವ ಚಟವಿದ್ದರೆ ಬಿಡಿ. ತಾಯಿ, ಒಡಹುಟ್ಟಿದವರಲ್ಲಿ ಇಬ್ಬರಿಗೆ ಹೀಗಾಗಿದ್ದರೆ ವೈದ್ಯರಿಗೆ ತಿಳಿಸಿ.

ಮನೆಯವರಿಗೆ ನೆಗಡಿಯಾದರೂ ಆಸ್ಪತ್ರೆಗೆ ಓಡುವ ನಾವು, ನಮ್ಮ ಸರದಿ ಬಂದಾಗ 'ಅಡುಗೆ ಮುಗಿಸಿ ಹೋದರಾಯಿತು' ಅನ್ನುತ್ತೇವೆ. ಅಡುಗೆ ಕಾಯುತ್ತದೆ, ಮಿದುಳು ಕಾಯುವುದಿಲ್ಲ. ಈ ಮಾತನ್ನು ಮನೆಯ ಗಂಡಸರಿಗೂ ಓದಿ ಹೇಳಿ. ಆ ಹೊತ್ತಿನಲ್ಲಿ ಫೋನು ಹಿಡಿಯಬೇಕಾದವರು ಅವರೇ ಅಲ್ಲವೇ?