ಮುಟ್ಟಿನ ನಡುವೆ ರಕ್ತಸ್ರಾವ: ನಾಚಿಕೆ ಬೇಡ, ತಪಾಸಣೆ ಬೇಕು

ಮಾರ್ಕನ ಶುಭಸಂದೇಶದ ಐದನೇ ಅಧ್ಯಾಯದಲ್ಲಿ 12 ವರ್ಷ ರಕ್ತಸ್ರಾವದಿಂದ ಬಳಲಿದ ಒಬ್ಬ ಸ್ತ್ರೀಯ ಪ್ರಸಂಗವಿದೆ. ಇದ್ದುದನ್ನೆಲ್ಲ ವೈದ್ಯರಿಗೆ ಖರ್ಚು ಮಾಡಿಯೂ ಗುಣ ಕಾಣದೆ, ಜನಸಂದಣಿಯ ನಡುವೆ ಹಿಂದಿನಿಂದ ಬಂದು ಯೇಸುವಿನ ಉಡುಪನ್ನು ಮುಟ್ಟಿದವಳು ಆಕೆ. ಪ್ರವಚನಗಳಲ್ಲಿ ನಾವು ಆಕೆಯ ವಿಶ್ವಾಸವನ್ನು ಹೊಗಳುತ್ತೇವೆ. ಆಕೆಯ ಕಾಯಿಲೆಯ ಬಗ್ಗೆ ಮಾತ್ರ ಒಂದು ಮಾತೂ ಆಡುವುದಿಲ್ಲ.

ಈ ಮೌನ ನಮ್ಮ ಮನೆಗಳಲ್ಲೂ ಇದೆ. ರೋಗಿಗಳಿಗೆ ಪರಮಪ್ರಸಾದ ಕೊಂಡೊಯ್ಯುವಾಗ "ಆಗಲೇ ತೋರಿಸಬೇಕಿತ್ತು ಫಾದರ್, ಹೇಳಲು ನಾಚಿಕೆಯಾಯಿತು" ಎಂಬ ಮಾತನ್ನು ನಾವು ಕೇಳಿದ್ದೇವೆ. ಆದ್ದರಿಂದಲೇ ಈ ವಿಷಯವನ್ನು ಇಲ್ಲಿ ಬಿಚ್ಚಿ ಬರೆಯುತ್ತಿದ್ದೇವೆ.

ಸಹಜ ಯಾವುದು?

ಒಂದು ಮುಟ್ಟಿನ ಮೊದಲ ದಿನದಿಂದ ಮುಂದಿನ ಮುಟ್ಟಿನ ಮೊದಲ ದಿನಕ್ಕೆ 24ರಿಂದ 38 ದಿನಗಳ ಅಂತರವಿದ್ದು, ಸ್ರಾವ 8 ದಿನಗಳೊಳಗೆ ನಿಂತರೆ ಅದನ್ನು ವೈದ್ಯರು ಸಹಜವೆನ್ನುತ್ತಾರೆ. ಮುಟ್ಟು ಆರಂಭವಾದ ಮೊದಲ ವರ್ಷಗಳಲ್ಲಿ ಮತ್ತು ನಿಲ್ಲುವುದಕ್ಕೆ ಮುಂಚಿನ ವರ್ಷಗಳಲ್ಲಿ ಸ್ವಲ್ಪ ಏರುಪೇರು ಇರುತ್ತದೆ. ಕೆಲವರಿಗೆ ಅಂಡ ಬಿಡುಗಡೆಯಾಗುವ ಸಮಯದಲ್ಲಿ ಒಂದೆರಡು ಹನಿ ಕಾಣಿಸುವುದೂ ಉಂಟು. ಆದರೆ ಎರಡು ಮುಟ್ಟುಗಳ ನಡುವೆ ಮತ್ತೆ ಮತ್ತೆ ರಕ್ತ ಹೋಗುತ್ತಿದ್ದರೆ ಅದಕ್ಕೆ ಕಾರಣ ಹುಡುಕಲೇಬೇಕು.

ಕಾರಣಗಳು ಹಲವು

ಅಂತರರಾಷ್ಟ್ರೀಯ ಸ್ತ್ರೀರೋಗ ತಜ್ಞರ ಒಕ್ಕೂಟವು 2011ರಲ್ಲಿ ಈ ಕಾರಣಗಳನ್ನು ಎರಡು ಗುಂಪುಗಳಾಗಿ ವಿಂಗಡಿಸಿತು. ಸ್ಕ್ಯಾನಿಂಗ್ ಅಥವಾ ಅಂಗಾಂಶ ಪರೀಕ್ಷೆಯಲ್ಲಿ ಕಂಡುಬರುವಂಥವು ಒಂದು ಗುಂಪು: ಗರ್ಭಕೋಶದ ಒಳಪದರದಲ್ಲಿ ಬೆಳೆಯುವ ಪಾಲಿಪ್, ಫೈಬ್ರಾಯ್ಡ್ ಗಡ್ಡೆ, ಒಳಪದರವು ಸ್ನಾಯುವಿನೊಳಗೆ ಸೇರಿಕೊಳ್ಳುವ ಅಡಿನೋಮಯೋಸಿಸ್ ಮತ್ತು ಕ್ಯಾನ್ಸರ್. ಹಾಗೆ ಕಣ್ಣಿಗೆ ಬೀಳದಂಥವು ಇನ್ನೊಂದು ಗುಂಪು: ರಕ್ತ ಹೆಪ್ಪುಗಟ್ಟುವಿಕೆಯ ದೋಷ, ಅಂಡ ಸರಿಯಾಗಿ ಬಿಡುಗಡೆಯಾಗದಿರುವುದು, ಒಳಪದರದ ತೊಂದರೆ ಮತ್ತು ಔಷಧಗಳ ಪರಿಣಾಮ. ಥೈರಾಯ್ಡ್ ತೊಂದರೆಯಿಂದಲೂ ಅಂಡ ಬಿಡುಗಡೆ ತಪ್ಪಬಹುದು. ಹಾರ್ಮೋನ್ ಮಾತ್ರೆ, ಕಾಪರ್ ಟಿ, ರಕ್ತ ತೆಳುವಾಗಿಸುವ ಮಾತ್ರೆಗಳಿಂದಲೂ ಸ್ರಾವವಾಗಬಹುದು. ಇವುಗಳ ಹೊರತಾಗಿ ಗರ್ಭಕಂಠದ ಸೋಂಕಿನಿಂದಲೂ ರಕ್ತ ಕಾಣಿಸುತ್ತದೆ.

ಇವುಗಳಲ್ಲಿ ಹೆಚ್ಚಿನವು ಕ್ಯಾನ್ಸರ್ ಅಲ್ಲ, ಚಿಕಿತ್ಸೆಗೆ ಬಗ್ಗುವಂಥವು. ಹಾಗಿದ್ದರೂ ಯಾವುದು ಏನೆಂದು ಮನೆಯಲ್ಲೇ ಕುಳಿತು ನಿರ್ಧರಿಸಲು ಯಾರಿಂದಲೂ ಆಗದು.

ತಡಮಾಡಬಾರದ ಸಂದರ್ಭಗಳು

ಗರ್ಭ ಧರಿಸಿರುವ ಸಾಧ್ಯತೆಯಿದ್ದು ರಕ್ತ ಕಾಣಿಸಿದರೆ, ಜೊತೆಗೆ ಕಿಬ್ಬೊಟ್ಟೆ ನೋವು, ತಲೆಸುತ್ತು ಇದ್ದರೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಭ್ರೂಣ ಗರ್ಭಕೋಶದ ಹೊರಗೆ, ನಾಳದಲ್ಲಿ ಬೆಳೆಯುತ್ತಿದ್ದರೆ ನಾಳ ಒಡೆದು ಪ್ರಾಣಕ್ಕೇ ಅಪಾಯವಾಗುತ್ತದೆ.

ಪತಿಪತ್ನಿಯರ ಮಿಲನದ ನಂತರ ರಕ್ತ ಕಾಣಿಸುವುದು ಗರ್ಭಕಂಠದ ಕ್ಯಾನ್ಸರಿನ ಸೂಚನೆಯಾಗಿರಬಹುದು. ಈ ಕ್ಯಾನ್ಸರಿಗೆ ಬಹುಪಾಲು ಕಾರಣ ಎಚ್‌ಪಿವಿ ಎಂಬ ವೈರಾಣು. 30ರಿಂದ 65 ವರ್ಷದ ಸ್ತ್ರೀಯರು ಐದು ವರ್ಷಕ್ಕೊಮ್ಮೆ ಗರ್ಭಕಂಠದ ತಪಾಸಣೆ ಮಾಡಿಸಿಕೊಳ್ಳಬೇಕೆಂದು ಕೇಂದ್ರ ಸರ್ಕಾರದ 2016ರ ಮಾರ್ಗಸೂಚಿ ಹೇಳುತ್ತದೆ. ಲಕ್ಷಣ ಕಂಡವರು ಮಾತ್ರ ಐದು ವರ್ಷ ಕಾಯುವಂತಿಲ್ಲ.

ಮುಟ್ಟು ನಿಂತು ಒಂದು ವರ್ಷವಾದ ಮೇಲೆ ಒಂದೇ ಒಂದು ಹನಿ ಕಂಡರೂ ತೋರಿಸಬೇಕು. ಹೀಗೆ ರಕ್ತ ಕಂಡವರಲ್ಲಿ ಸುಮಾರು ಹತ್ತರಲ್ಲಿ ಒಬ್ಬರಿಗೆ ಗರ್ಭಕೋಶದ ಒಳಪದರದ ಕ್ಯಾನ್ಸರ್ ಇರುತ್ತದೆ. "ಮುಟ್ಟು ಮತ್ತೆ ಬಂತು" ಎಂದುಕೊಂಡು ಸುಮ್ಮನಾದ ಅಜ್ಜಿಯಂದಿರನ್ನು ಮಕ್ಕಳು ಆಸ್ಪತ್ರೆಗೆ ಕರೆದೊಯ್ಯಬೇಕು. ಬೇಗ ಪತ್ತೆಯಾದರೆ ಇದು ಗುಣವಾಗುವ ಕ್ಯಾನ್ಸರ್.

ಪರೀಕ್ಷೆ ಮತ್ತು ಚಿಕಿತ್ಸೆ

ವೈದ್ಯರು ಮುಟ್ಟಿನ ದಿನಾಂಕಗಳನ್ನು ಕೇಳುತ್ತಾರೆ. ಕ್ಯಾಲೆಂಡರಿನಲ್ಲಿ ಗುರುತು ಹಾಕಿಟ್ಟರೆ ಅನುಕೂಲ. ಹಿಮೋಗ್ಲೋಬಿನ್, ಥೈರಾಯ್ಡ್, ಗರ್ಭಪರೀಕ್ಷೆ, ಸ್ಕ್ಯಾನಿಂಗ್, ಅಗತ್ಯವಿದ್ದರೆ ಒಳಪದರದ ಬಯಾಪ್ಸಿ ಮಾಡಿಸುತ್ತಾರೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ 15ರಿಂದ 49 ವರ್ಷದ ಸ್ತ್ರೀಯರಲ್ಲಿ ಶೇ. 57 ಮಂದಿಗೆ ರಕ್ತಹೀನತೆಯಿತ್ತು. ಅಂಥವರಿಗೆ ಸ್ವಲ್ಪ ಸ್ವಲ್ಪವೇ ಹೋಗುವ ರಕ್ತವೂ ದೊಡ್ಡ ನಷ್ಟ.

ಸ್ರಾವ ನಿಯಂತ್ರಿಸಲು ವೈದ್ಯರು ಹಾರ್ಮೋನ್ ಮಾತ್ರೆ ಬರೆದುಕೊಟ್ಟಾಗ, "ಇದು ಗರ್ಭನಿರೋಧಕ ಮಾತ್ರೆಯಲ್ಲವೇ, ಪಾಪವಲ್ಲವೇ?" ಎಂದು ಅಳುಕುವ ತಾಯಂದಿರಿದ್ದಾರೆ. ಅಳುಕಬೇಕಾಗಿಲ್ಲ. ಸಂತ ಆರನೇ ಪೌಲರು 1968ರಲ್ಲಿ ಹೊರಡಿಸಿದ 'ಹ್ಯುಮಾನೆ ವಿಟೆ' ವಿಶ್ವಪತ್ರದ 15ನೇ ಪರಿಚ್ಛೇದವೇ ಇದಕ್ಕೆ ಉತ್ತರ ನೀಡಿದೆ. ಕಾಯಿಲೆ ಗುಣಪಡಿಸಲು ಅಗತ್ಯವಾದ ಚಿಕಿತ್ಸೆಯಿಂದ ಗರ್ಭಧಾರಣೆಗೆ ತಡೆಯಾದರೂ, ಆ ತಡೆಯೇ ಉದ್ದೇಶವಲ್ಲದಿದ್ದರೆ, ಧರ್ಮಸಭೆ ಅದನ್ನು ನಿಷಿದ್ಧವೆನ್ನುವುದಿಲ್ಲ.

ಇನ್ನೊಂದು ಎಚ್ಚರಿಕೆ. ಗರ್ಭಕೋಶ ತೆಗೆಸುವುದೇ ಎಲ್ಲದಕ್ಕೂ ಮದ್ದಲ್ಲ. ಅನಗತ್ಯ ಶಸ್ತ್ರಚಿಕಿತ್ಸೆ ತಡೆಯಲು ಕೇಂದ್ರ ಆರೋಗ್ಯ ಸಚಿವಾಲಯ ರೂಪಿಸಿದ ಮಾರ್ಗಸೂಚಿಯನ್ನು ಮೂರು ತಿಂಗಳೊಳಗೆ ಅಳವಡಿಸಿಕೊಳ್ಳುವಂತೆ ಸುಪ್ರೀಂ ಕೋರ್ಟ್ 2023ರ ಏಪ್ರಿಲ್‌ನಲ್ಲಿ ರಾಜ್ಯಗಳಿಗೆ ಆದೇಶಿಸಿತು. ತುರ್ತು ಇಲ್ಲದಿದ್ದರೆ ಇನ್ನೊಬ್ಬ ತಜ್ಞರ ಅಭಿಪ್ರಾಯ ಪಡೆಯಿರಿ. ಕಾರಣಕ್ಕೆ ತಕ್ಕಂತೆ ಮಾತ್ರೆಯಲ್ಲೇ ಗುಣವಾಗಬಹುದು, ಪಾಲಿಪ್ ಮಾತ್ರ ತೆಗೆದರೆ ಸಾಕಾಗಬಹುದು. ಕ್ಯಾನ್ಸರಿನಲ್ಲಿ ಮಾತ್ರ ಶಸ್ತ್ರಚಿಕಿತ್ಸೆಯೇ ಜೀವ ಉಳಿಸಬಹುದು. ಆಗ ಹಿಂಜರಿಯಬೇಡಿ.

ನಮ್ಮ ಕೆಲಸ

ಸ್ತ್ರೀ ಸಂಘಟನೆಯವರು ತಿಂಗಳ ಸಭೆಯೊಂದಕ್ಕೆ ಸ್ತ್ರೀರೋಗ ತಜ್ಞರನ್ನು ಕರೆಸಿರಿ. ವಾರ್ಡಿನ ಗುರಿಕಾರರು, ಭಗಿನಿಯರು, ಆಶಾ ಕಾರ್ಯಕರ್ತೆಯರು ಒಂಟಿ ಹೆಂಗಸರನ್ನು ವಿಚಾರಿಸಿರಿ, ಆಸ್ಪತ್ರೆಗೆ ಜೊತೆಯಲ್ಲಿ ಹೋಗಿರಿ. ಗಂಡಂದಿರು ಬಸ್ಸಿನ ಹಣ ಕೊಟ್ಟು ಕೈತೊಳೆದುಕೊಳ್ಳಬಾರದು, ತಾವೂ ಹೊರಡಬೇಕು.

ಶುಭಸಂದೇಶದ ಆ ಸ್ತ್ರೀ ಅಂಜುತ್ತಾ ನಡುಗುತ್ತಾ ಮುಂದೆ ಬಂದು ನಡೆದುದನ್ನೆಲ್ಲ ಹೇಳಿದಳು. ಪ್ರಭು ಆಕೆಯನ್ನು ಗದರಲಿಲ್ಲ, ಮಗಳೇ ಎಂದು ಕರೆದರು. ನಮ್ಮ ಮನೆಯ ಹೆಂಗಸರು ಬಾಯಿ ತೆರೆದಾಗ ನಾವೂ ಹಾಗೆಯೇ ಕಿವಿಗೊಡೋಣ. 12 ವರ್ಷ ಕಾಯುವ ಪಾಡು ಅವರಿಗೆ ಬರಬಾರದು.