ಪಿಯಾನೋ ಪಾಠದಲ್ಲಿ ಹೆಬ್ಬೆರಳು

ಪ್ರಶ್ನೆ: ಪಿಯಾನೋ ಕಲಿಯುವವರಿಗೆ ಹೆಬ್ಬೆರಳನ್ನು ಇತರ ಬೆರಳುಗಳ ಅಡಿಯಿಂದ ದಾಟಿಸಲು ಹೇಳಿಕೊಡುವುದೇಕೆ?

ಉತ್ತರ: ಒಂದು ಸ್ಥಾಯಿಯ ಆರೋಹಣಕ್ಕೆ ಮೇಲಿನ ಷಡ್ಜವೂ ಸೇರಿ ಎಂಟು ಕೀಲಿಗಳನ್ನು ಒತ್ತಬೇಕಾಗಿದ್ದು, ಕೈಗೆ ಐದೇ ಬೆರಳುಗಳಿರುವುದರಿಂದ, ಸಿ ಮೇಜರ್ ಶ್ರೇಣಿಯಲ್ಲಿ ಬಲಗೈಯ ನಡುಬೆರಳು ಮೂರನೆಯ ಸ್ವರವನ್ನು ಒತ್ತಿರುವಾಗಲೇ ಹೆಬ್ಬೆರಳು ಅದರ ಅಡಿಯಿಂದ ಸರಿದು ನಾಲ್ಕನೆಯದನ್ನು ಹಿಡಿಯುತ್ತದೆ; ಹೀಗಾಗಿ ನಾದ ಕಡಿಯುವುದಿಲ್ಲ. ಪಾಠಪುಸ್ತಕಗಳಲ್ಲಿ ಸ್ವರಗಳ ಜೊತೆ ಮುದ್ರಿತವಾಗಿರುವ 1ರಿಂದ 5ರವರೆಗಿನ ಅಂಕಿಗಳು, ಹೆಬ್ಬೆರಳನ್ನು 1 ಎಂದೆಣಿಸಿ, ಈ ಬೆರಳುಕ್ರಮವನ್ನೇ ಸೂಚಿಸುತ್ತವೆ.

ಹಿಂದಿನ ಕಾಲದ ಕೀಲಿಮಣೆ ವಾದಕರು ಬಹುಮಟ್ಟಿಗೆ ಉದ್ದ ಬೆರಳುಗಳನ್ನೇ ಒಂದರ ಮೇಲೊಂದು ದಾಟಿಸುತ್ತಿದ್ದರು. ಯೋಹಾನ್ ಸೆಬಾಸ್ಟಿಯನ್ ಬಾಖ್‌ನ ಮಗ ಕಾರ್ಲ್ ಫಿಲಿಪ್ ಎಮಾನುಯೆಲ್ 1753ರಲ್ಲಿ ಪ್ರಕಟಿಸಿದ ಕೀಲಿಮಣೆ ವಾದನದ ಗ್ರಂಥವು ಹೆಬ್ಬೆರಳಿಗೆ ಪ್ರಧಾನ ಸ್ಥಾನ ಕೊಟ್ಟಿತು. ಅಲ್ಲಿಯವರೆಗೆ ಹೆಬ್ಬೆರಳು ಬಹುಮಟ್ಟಿಗೆ ಪಂಕ್ತಿಯ ಹೊರಗೇ ಉಳಿದಿತ್ತು. 19ನೆಯ ಶತಮಾನದಲ್ಲಿ ಪ್ಯಾರಿಸ್‌ನಲ್ಲಿ ಪಾಠ ಹೇಳುತ್ತಿದ್ದ ಶೋಪಾನ್ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಐದು ಕಪ್ಪು ಕೀಲಿಗಳಿರುವ ಬಿ ಮೇಜರ್ ಶ್ರೇಣಿಯನ್ನು ಶಿಷ್ಯರಿಗೆ ಮೊದಲು ಕಲಿಸುತ್ತಿದ್ದನು. ಅದರಲ್ಲಿ ಉದ್ದ ಬೆರಳುಗಳು ಎತ್ತರದ ಕಪ್ಪು ಕೀಲಿಗಳ ಮೇಲೂ ಗಿಡ್ಡನೆಯ ಹೆಬ್ಬೆರಳು ಬಿಳಿಯ ಕೀಲಿಯ ಮೇಲೂ ಸಹಜವಾಗಿ ಕೂರುತ್ತವೆ. ಬಿಳಿಯ ಕೀಲಿಗಳಷ್ಟೇ ಇರುವ ಸಿ ಮೇಜರ್ ಓದುವ ಕಣ್ಣಿಗೆ ಸುಲಭವಾದರೂ ನುಡಿಸುವ ಕೈಗೆ ಶೋಪಾನನ ಕ್ರಮವೇ ಹೆಚ್ಚು ಹಿತವಾದುದು.